ಡೈನಮೋಗೆ ಬಳಿದ ಹಸಿರು ಬಣ್ಣ

ಮಲ್ಲಿಪಟ್ಟಣದ ನಮ್ಮ ಮನೆಯಲ್ಲಿ ಆಯುಧಪೂಜೆ ಬಂತೆಂದರೆ ಕಬ್ಬಿಣ ಅಂತ ಕಂಡದ್ದಕ್ಕೆಲ್ಲ ಬಣ್ಣ ಬೀಳುತ್ತಿತ್ತು. ನೇಗಿಲು, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಕೊನೆಗೆ ಬಾವಿಯ ರಾಟೆಗೂ. ಅಪ್ಪನ ಕೈಗೆ ಬ್ರಷ್ಷು ಸಿಕ್ಕರೆ ಅಂಗಳದಲ್ಲಿ ನಿಂತವರೂ ಹುಷಾರಾಗಿರಬೇಕು ಅಂತ ಅಮ್ಮ ರೇಗಿಸುತ್ತಿದ್ದಳು. ತೊಂಬತ್ತರ ದಶಕದ ಆ ಒಂದು ದಸರಾದಲ್ಲಿ ಅವನ ಕೈಗೆ ಕಾರಿನ ಡೈನಮೋ ಸಿಕ್ಕಿತು.

ಕಾರು ನಮ್ಮ ತಾತನ ಕಾಲದ್ದು, ದುಂಡು ಮೂತಿಯದು. ಎಂಜಿನ್ ಓಡುವಾಗ ಬೆಲ್ಟಿನ ಜೊತೆ ಡೈನಮೋ ತಿರುಗಿ ಬ್ಯಾಟರಿಗೆ ಕರೆಂಟು ತುಂಬಬೇಕು. ಅದರ ಬುಷ್ಷು ಸವೆದಿದ್ದರಿಂದ ಅಪ್ಪ ಅರಕಲಗೂಡಿನಲ್ಲಿ ರಿಪೇರಿ ಮಾಡಿಸಿ ಗೋಣಿಚೀಲದಲ್ಲಿ ತಂದಿದ್ದ. ಪಂಪ್‌ಸೆಟ್ಟಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅದಕ್ಕೆ ಒಂದು ಚೂರೂ ಬಿಡದ ಹಾಗೆ ಬಳಿದ. ಅದನ್ನು ಎಂಜಿನ್‌ಗೆ ಬಿಗಿಯುವ ಪಟ್ಟಿಗೂ ಬೋಲ್ಟಿಗೂ ಬಳಿದ. ವಿಭೂತಿ ಹಚ್ಚಿ, ಪೂಜೆ ಮಾಡಿ, ತಾನೇ ಕಾರಿಗೆ ಕೂರಿಸಿದ.

ಆ ಹೊತ್ತಿಗೆ ಅಕ್ಕ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಅದು ಎರಡನೆಯದು. ಮೊದಲ ಸಲ ಚನ್ನರಾಯಪಟ್ಟಣದ ಹತ್ತಿರ ಗಂಡನ ಮನೆಯಲ್ಲಿದ್ದಾಗಲೇ ನೋವು ಬಂದು, ಬಸ್ಸಿಗೆ ಕಾಯುತ್ತ ಹೊತ್ತಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ಮಗು ಹೋಗಿತ್ತು. ಈ ಸಲ ಹಾಸನದ ಆಸ್ಪತ್ರೆಗೆ ನಮ್ಮ ಕಾರಿನಲ್ಲೇ ಕರೆದುಕೊಂಡು ಹೋಗುವುದು ಅಂತ ಅಪ್ಪ ಹಟ ಹಿಡಿದಿದ್ದ. ಬೇರೆ ಗಾಡಿ ಗೊತ್ತುಮಾಡು ಎಂದರೆ ಎದ್ದು ಕಾರು ಒರೆಸಲು ಹೋಗುತ್ತಿದ್ದ.

ಆದರೆ ಪೂಜೆಯಾದ ಮೇಲೆ ಬ್ಯಾಟರಿ ಮೇಲಿಂದ ಮೇಲೆ ಸಾಯತೊಡಗಿತು. ಹೊಳೆನರಸೀಪುರದ ಬ್ಯಾಟರಿ ಅಂಗಡಿಯಲ್ಲಿ ಇಟ್ಟು ಚಾರ್ಜ್ ಮಾಡಿಸಿದರೆ ಸ್ವಲ್ಪ ದಿನ ಬದುಕುವುದು, ಮತ್ತೆ ಮಲಗುವುದು. "ಬ್ಯಾಟ್ರಿ ಚೆನ್ನಾಗೈತೆ ಸಾ, ಡೈನಮೋನೇ ತುಂಬ್ತಿಲ್ಲ," ಅಂದ ಅಂಗಡಿಯವನು. ಅಪ್ಪ ಒಪ್ಪಲಿಲ್ಲ. ಚಾರ್ಜ್ ಆಗದಿದ್ದರೆ ಸ್ಟೇರಿಂಗ್ ಹಿಂದಿನ ಮೀಟರುಗಳ ನಡುವೆ ಒಂದು ಕೆಂಪು ದೀಪ ಹತ್ತಬೇಕು. ಪೂಜೆಯಾದಾಗಿನಿಂದ ಅದು ಒಮ್ಮೆಯೂ ಹತ್ತಿರಲಿಲ್ಲ. ಅದನ್ನೇ ಅವನು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತಿದ್ದ.

ಅಕ್ಕನ ದಿನ ತುಂಬುತ್ತ ಬಂತು. ಒಂದು ಬೆಳಗ್ಗೆ ಅಪ್ಪ ಕೀ ತಿರುಗಿಸುವಾಗ ಪಕ್ಕದ ಸೀಟಿನಲ್ಲಿ ಅಜ್ಜಿ ಕೂತಿದ್ದಳು.

"ಏನ್ಲಾ, ಆ ಕೆಂಪ್ ದೀಪ ಎಲ್ಲೋಯ್ತು?" ಅಂದಳು.

"ಹತ್ತದೆ ಇದ್ರೇನೆ ಒಳ್ಳೇದು ಕಣವ್ವ."

"ಅದೆಂಗ್ಲಾ? ನಿಮ್ಮಪ್ಪ ಕೀ ತಿರುವ್ತಿದ್ದಂಗೇ ಅದು ಹತ್ಕೊಳ್ಳೋದು. ಅದಕ್ಕೆ ಕೈ ಮುಗ್ದು, ಆಮೇಲೆ ಇಂಜಿನ್ ಎಬ್ಬುಸೋನು. ಇಂಜಿನ್ ಎದ್ಮೇಲೆ ಅದು ಆರೋಗೋದು."

ಹತ್ತಿ ಆರಬೇಕಾದ ದೀಪ ಹತ್ತುತ್ತಲೇ ಇಲ್ಲ ಅನ್ನುವುದು ಅಪ್ಪನಿಗೆ ಆಗ ಹೊಳೆಯಿತು. ಇಳಿದು ಬಾನೆಟ್ ಎತ್ತಿದ. ಎರಡು ವೈರು ಕಟ್ಟಿದ ಒಂದು ಬಲ್ಬು ತಂದು, ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಬ್ಯಾಟರಿ ಸೋತಿದ್ದರಿಂದ ಆಳುಗಳಿಂದ ಕಾರು ತಳ್ಳಿಸಿ ಎಂಜಿನ್ ಎಬ್ಬಿಸಿದ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ಅಷ್ಟು ಓದಿಗೆ ನನಗೆ ಸಿಕ್ಕ ಕೆಲಸ ಆಕ್ಸಿಲರೇಟರ್ ಅದುಮುವುದು. ಸಿಟ್ಟು ಬಂದು, ಎಂಜಿನ್ ಓಡುತ್ತಿರುವಾಗಲೇ ಕೆಳಗಿಳಿದು ಹೋಗಿ ನೋಡಿದೆ.

ಅಪ್ಪ ಬಲ್ಬಿನ ಒಂದು ವೈರನ್ನು ಡೈನಮೋದಿಂದ ಕರೆಂಟು ಹೊರಬರುವ ಜಾಗಕ್ಕೆ ಹಿಡಿದು, ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಮುಟ್ಟಿಸಿದ. ಬಲ್ಬು ಹತ್ತಲಿಲ್ಲ. ಅದೇ ವೈರಿನಿಂದ ಡೈನಮೋದ ಮೈಮೇಲಿನ ಹಸಿರು ಬಣ್ಣ ಕೆರೆದು ಅಲ್ಲಿಗೆ ಮುಟ್ಟಿಸಿದ. ಬಲ್ಬು ಝಗ್ಗನೆ ಹತ್ತಿತು. ಇಬ್ಬರೂ ಅದನ್ನೇ ನೋಡುತ್ತ ನಿಂತುಬಿಟ್ಟೆವು. ಇಷ್ಟು ದಿನವೂ ಅದು ಕರೆಂಟು ಹುಟ್ಟಿಸುತ್ತಲೇ ಇತ್ತು. ಒಂದು ಪದರ ಬಣ್ಣದೊಳಗೆ ಒಂಟಿಯಾಗಿ ದುಡಿಯುತ್ತಿತ್ತು.

"ವೈರ್ನಲ್ಲಿ ಹೋದ ಕರೆಂಟು ಗಾಡಿ ಮೈಯಿಂದ ವಾಪಸ್ ಬರ್ಬೇಕು ಕಣವ್ವ," ಅಂದ ಅಪ್ಪ, ಅಜ್ಜಿಯ ಕಡೆ ತಿರುಗಿ. "ಆ ದಾರಿಗೇ ನಾನು ಬಣ್ಣ ಬಳ್ದ್‌ಬುಟ್ಟಿವ್ನಿ."

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಅವತ್ತು ಮೈ ಜುಮ್ಮೆಂದಿತು. ಚಿಕ್ಕಂದಿನಿಂದ ನಾನು ಒರಗಿದ್ದ ಬಾಗಿಲು, ಕೋಳಿಗಳು ಹತ್ತಿ ಕೂರುತ್ತಿದ್ದ ಮಡ್‌ಗಾರ್ಡು, ತಾತ ಕೈಯೂರುತ್ತಿದ್ದ ಬಾನೆಟ್ಟು, ಎಲ್ಲವೂ ಸೇರಿ ಆ ಕರೆಂಟಿಗೆ ಒಂದೇ ರಸ್ತೆ. ಯಾರ ಕೈಗೂ ತಾಗದೆ, ಯಾರ ಕಣ್ಣಿಗೂ ಬೀಳದೆ ಅದು ಅಲ್ಲೆಲ್ಲ ಓಡಾಡಿಕೊಂಡಿತ್ತು. ಕಾರನ್ನು ಮುಟ್ಟುವುದಕ್ಕೇ ನನಗೆ ಒಂಥರಾ ಭಕ್ತಿ ಬಂತು.

ಅಪ್ಪ ಡೈನಮೋ ಬಿಚ್ಚಿ, ಪಟ್ಟಿ ಮತ್ತು ಬೋಲ್ಟು ಕೂರುವ ಜಾಗವನ್ನೆಲ್ಲ ಮರಳು ಕಾಗದದಿಂದ ಹೊಳೆಯುವ ಹಾಗೆ ಉಜ್ಜಿ ಮತ್ತೆ ಬಿಗಿದ. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಿತು, ಎಂಜಿನ್ ಎದ್ದಾಗ ಆರಿತು. ಅಜ್ಜಿ ಅದಕ್ಕೆ ಕೈ ಮುಗಿದಳು. ಅಪ್ಪನೂ ಮುಗಿದ.

ಅದೇ ವಾರ ಒಂದು ಸಂಜೆ ಅಕ್ಕನಿಗೆ ನೋವು ಬಂತು. ಅರಕಲಗೂಡು ದಾಟುವಷ್ಟರಲ್ಲಿ ಮಬ್ಬುಗತ್ತಲೆ. ಅಪ್ಪ ಹೆಡ್‌ಲೈಟ್ ಹಾಕಿದ. ಅದು ಹಾಸನದವರೆಗೂ ಮಂಕಾಗಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಒಂದೇ ಒಂದು ಮಾತು ಕೇಳಿದಳು: "ಗಾಡಿ ನಿಲ್ಲಕಿಲ್ಲ ಅಲ್ವಾ?" ನಿಲ್ಲುವುದಿಲ್ಲ ಅಂದೆ.

ಆಸ್ಪತ್ರೆಯವರು ಅವಳನ್ನು ನೇರ ಒಳಗೆ ಕರೆದುಕೊಂಡರು, ಅಮ್ಮ ಜೊತೆಗೆ ಹೋದಳು. ಅಪ್ಪ ಮಾತ್ರ ಕಾರು ಬಿಟ್ಟು ಇಳಿಯಲಿಲ್ಲ. ಇಲ್ಲಿ ಆಗದು, ಮೈಸೂರಿಗೆ ಒಯ್ಯಿರಿ ಅಂದುಬಿಟ್ಟರೆ ಅಂತ ಹೆರಿಗೆ ವಾರ್ಡಿನ ಕಿಟಕಿಯ ಕೆಳಗೆ ಎಂಜಿನ್ ಓಡಿಸಿಕೊಂಡೇ ಕೂತ. ನಾನೂ ಪಕ್ಕದಲ್ಲಿ ಕೂತೆ. ಕಾವಲುಗಾರ ಬಂದು ಬೈದ. ಅಪ್ಪನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಆಮೇಲೆ ಅಮ್ಮ ಮೆಟ್ಟಿಲ ಮೇಲೆ ಬಂದು ನಿಂತು ಏನೋ ಹೇಳಿದಳು. ಎಂಜಿನ್ ಸದ್ದಿನಲ್ಲಿ ನಮಗೆ ತಿಳಿಯಲಿಲ್ಲ. ಅಪ್ಪನ ಕೈ ಕೀ ಮೇಲೆ ಹೋಯಿತು, ತಿರುಗಿಸಲು ಹೆದರಿ ಅಲ್ಲೇ ನಿಂತಿತು. ನಾನೇ ಅವನ ಕೈಮೇಲೆ ಕೈಯಿಟ್ಟು ತಿರುಗಿಸಿದೆ. ಎಂಜಿನ್ ನಿಂತಿತು, ಮೇಲಿನ ಕಿಟಕಿಯಿಂದ ಮಗು ಅಳುವುದು ಕೇಳಿಸಿತು.