ಒಳಗಿನ ಹಜಾರದ ಮೇಜು

ನಾನು ಕಿರುಗಾವಲಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದಾಗ ಆಗಷ್ಟೇ ಎರಡನೇ ಮಹಾಯುದ್ಧ ಶುರುವಾಗಿತ್ತು. ಅದಕ್ಕೆ ಮೊದಲು ಕೆಲವು ವರ್ಷ ಮೈಸೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೋಗುತ್ತಿದ್ದೆ. ಚಿಕ್ಕಪ್ಪ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದರು. ಕೊನೆಯ ಪರೀಕ್ಷೆಗೆ ಕೂರುವ ಮೊದಲೇ ಮದುವೆ ಗೊತ್ತಾಯಿತು. ಬೇಡ ಅಂದೆ. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಗಂಡನ ಮನೆಯಲ್ಲಿ ನನ್ನನ್ನು ಯಾರೂ ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಆದರೆ ನಾನು ಮೈಸೂರನ್ನು ಮರೆತುಬಿಡಬೇಕು ಎಂದು ಎಲ್ಲರಿಗೂ ಆಸೆಯಿತ್ತು. ನಾನು ಮರೆಯಲಿಲ್ಲ. ಹಠ ಹಿಡಿದು ಮರೆಯಲಿಲ್ಲ ಎಂದರೇ ಸರಿ. ರಾಗಿ ಬೀಸುವಾಗ, ಸೊಪ್ಪು ಬಿಡಿಸುವಾಗ, ಗದ್ದೆಗೆ ಬುತ್ತಿ ಹೊರುವಾಗ ಬಾಯಿ ಬಿಟ್ಟರೆ ಮೈಸೂರು. ಸ್ಕೂಲಿನ ಮುಂದಿನ ಹೊಂಗೆ ಮರ, ಕುಕ್ಕರಹಳ್ಳಿ ಕೆರೆಯ ಏರಿ, ಒಂದು ಹೋಟೆಲಿನ ಒಳಗಿನ ಹಜಾರದಲ್ಲಿ ಕಿಟಕಿಯ ಪಕ್ಕದ ಕಲ್ಲಿನ ಮೇಜು. ನನ್ನ ಗೆಳತಿಯ ಸೋದರಮಾವ ಆ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ನಾವಿಬ್ಬರೂ ಅಲ್ಲಿಗೆ ಹೋಗಿ ಒಂದೇ ದೋಸೆಯನ್ನು ಎರಡು ಮಾಡಿಕೊಂಡು ತಿನ್ನುತ್ತಿದ್ದೆವು.

ಯುದ್ಧ ಮುಗಿದ ಮೇಲೆ ಒಂದು ದಿನ ಮಾವ ಜಗಲಿಯ ಮೇಲಿಂದಲೇ ಕೂಗಿದರು. "ಮೂರೊತ್ತೂ ಮೈಸೂರು ಮೈಸೂರು ಅಂತೀಯಲ್ಲವ್ವ, ಇಲ್ಲಿ ಏನ್ ಕಮ್ಮಿಯಾಗದೆ ನಿಂಗೆ?"

"ಕಮ್ಮಿ ಏನಿಲ್ಲ ಮಾವ. ಒಂದ್ಸಲ ಹೋಗಿ ನೋಡಬೇಕು."

"ನೋಡಕೆ ಅದೇನದೆ ಅಲ್ಲಿ? ಗೇಯೋರು ಯಾರು ಇಲ್ಲಿ?"

ನಾನು ಉತ್ತರ ಕೊಡುವ ಮೊದಲೇ ಒಳಗಿಂದ ಅತ್ತೆ ಹೊರಗೆ ಬಂದರು. ಕೈಯೆಲ್ಲಾ ಹಿಟ್ಟು. "ಒಂದಿನ ಗೇಯ್ದೆ ಇದ್ರೆ ಗದ್ದೆ ಓಡೋಗಕಿಲ್ಲ ಬುಡಿ. ನಾನೂ ಓಯ್ತೀನಿ. ಇಷ್ಟ್ ವರ್ಸದಿಂದ ಇವ್ಳು ಏಳಿದ್ದ ಕೇಳಿ ಕೇಳಿ ನಂಗೂ ತಲೆ ಕೆಟ್ಟೋಗದೆ. ಅದೇನ್ ನೋಡಿದ್ಲೋ ನಾನೂ ನೋಡ್ಬೇಕು."

ಅತ್ತೆ ಅದುವರೆಗೆ ಮಳವಳ್ಳಿ ಸಂತೆಯನ್ನು ಬಿಟ್ಟರೆ ಬೇರೆ ಊರು ಕಂಡವರಲ್ಲ. ಮಾವ ಗೊಣಗುತ್ತಾ ಕೊಟ್ಟಿಗೆಯ ಕಡೆ ನಡೆದರು.

ನಾವು ನಾಲ್ಕು ಜನ ಹೊರಟೆವು. ನಾನು, ಅತ್ತೆ, ನನ್ನ ಗಂಡ, ಐದು ವರ್ಷದ ಮಗಳು. ಅದು ಇದ್ದಿಲು ಬಸ್ಸುಗಳ ಕಾಲ. ಬಸ್ಸಿನ ಹಿಂದೆ ಕಟ್ಟಿದ ಒಲೆಯಂಥ ಡಬ್ಬಕ್ಕೆ ಇದ್ದಿಲು ಸುರಿದು, ಹಿಡಿ ತಿರುಗಿಸಿ ಗಾಳಿ ಹಾಕಿದರೆ ಮಾತ್ರ ಅದು ಕದಲುತ್ತಿತ್ತು. ಬನ್ನೂರು ದಾಟಿದ ಮೇಲೆ ಒಂದು ಏರಿನಲ್ಲಿ ನಿಂತೇಬಿಟ್ಟಿತು. ಗಂಡಸರೆಲ್ಲ ಇಳಿದು ತಳ್ಳಬೇಕಾಯಿತು. ಅತ್ತೆಯೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದರು.

"ನೀವ್ ಕೂತ್ಕಳಿ ಅಜ್ಜಿ" ಎಂದ ಕಂಡಕ್ಟರು.

"ನಾ ಕೂತ್ಕಂಡ್ರೆ ನಿನ್ ಗಾಡಿ ದಿಣ್ಣೆ ಅತ್ತುತ್ತೇನ್ಲಾ?" ಎಂದವರೇ ಬೆನ್ನು ಕೊಟ್ಟು ತಳ್ಳಿದರು. ಮೈಸೂರಿನಲ್ಲಿ ಇಳಿದಾಗ ನಮ್ಮೆಲ್ಲರ ಮುಖ ಮಸಿ ಹಿಡಿದಿತ್ತು.

ಮೊದಲು ಸ್ಕೂಲಿಗೆ ಕರೆದುಕೊಂಡು ಹೋದೆ. ಗೇಟು ಹಾಕಿತ್ತು. ಒಳಗೆ ಪಾಠ ನಡೆಯುತ್ತಿತ್ತು. ಹುಡುಗಿಯರು ಒಟ್ಟಾಗಿ ಏನನ್ನೋ ಒಪ್ಪಿಸುತ್ತಿದ್ದರು. ಹೊಂಗೆ ಮರದ ಕೆಳಗೆ ನಿಂತು ಅತ್ತೆ ಕಿವಿಗೊಟ್ಟು ಕೇಳಿದರು.

"ಏನೇಳ್ತಾವೆ ಅವು?"

"ನದಿಗಳ ಹೆಸರು ಅತ್ತೆ."

"ನಮ್ ಒಳೆ ಎಸ್ರೂ ಏಳ್ತಾವಾ?"

"ಈಗ ಕಾವೇರಿ ಅಂದ್ರಲ್ಲ, ಅದೇ."

ಹುಡುಗಿಯರು ಒಪ್ಪಿಸಿ ಮುಗಿಸುವವರೆಗೂ ಅತ್ತೆ ಕೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಇನ್ನೊಂದೀಟು ದಿನ ಬುಟ್ಟಿದ್ರೆ ನಿನ್ ಓದು ಮುಗೀತಿತ್ತು, ಅಲ್ವಾ?" ಎಂದರು. ನಾನು ಹೂಂ ಎಂದೆ. ಅದಕ್ಕಿಂತ ಹೆಚ್ಚಿಗೆ ಮಾತಾಡಿದ್ದರೆ ಅಳು ಬರುತ್ತಿತ್ತು. ಬೀದಿಯಲ್ಲಿ ನಿಂತು ಅಳುವುದಕ್ಕೆ ನಾನು ಬಂದಿರಲಿಲ್ಲ.

ಅಲ್ಲಿಂದ ಹೋಟೆಲಿಗೆ ಹೋದೆವು. ಗಲ್ಲಾದಲ್ಲಿ ಗೆಳತಿಯ ಸೋದರಮಾವ ಇರಲಿಲ್ಲ, ಬೇರೆ ಯಾರೋ ಕೂತಿದ್ದರು. ಮುಂದಿನ ಕೋಣೆಯಲ್ಲಿ ಮರದ ಬೆಂಚುಗಳು, ಅದರಾಚೆ ಒಳಗಿನ ಹಜಾರ. ನಾನು ಹಳೆಯ ಅಭ್ಯಾಸದಂತೆ ನೇರವಾಗಿ ಒಳಗೆ ನಡೆದು ಕಿಟಕಿಯ ಪಕ್ಕದ ಆ ಮೇಜಿನ ಹತ್ತಿರ ನಿಂತೆ. ಕಲ್ಲು ಅಷ್ಟೇ ತಣ್ಣಗಿತ್ತು. ಮಗಳಿಗೆ, "ಇಲ್ಲೇ ಕಣೇ, ನಾನು ಕೂತ್ಕೊತಿದ್ದದ್ದು" ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಗಲ್ಲಾದವರು ಎದ್ದು ಬಂದರು.

"ಏನಮ್ಮಾ, ಇಲ್ಲಿ ಕೂರೋ ಹಾಗಿಲ್ಲ. ನಿಮಗೆ ಹೊರಗಡೆ ಬೆಂಚಿದೆ. ಬಾಗಿಲ ಮೇಲಿನ ಬೋರ್ಡು ನೋಡ್ಲಿಲ್ಲವೆ?"

ಬೋರ್ಡಿನ ಮೇಲೆ 'ಬ್ರಾಹ್ಮಣರಿಗೆ ಮಾತ್ರ' ಎಂದಿತ್ತು. ಅದೇನು ಹೊಸದಲ್ಲ. ಹುಡುಗಿಯಾಗಿದ್ದಾಗ ದಿನವೂ ಅದರ ಕೆಳಗೇ ಹಾದು ಹೋಗಿದ್ದೆ, ಓದಿಯೂ ಇದ್ದೆ. ಆದರೆ ಆಗ ಗೆಳತಿ ನನ್ನ ಕೈ ಹಿಡಿದುಕೊಂಡು ಮುಂದೆ ನಡೆಯುತ್ತಿದ್ದಳು. ಅವಳ ಸೋದರಮಾವ ಕಂಡೂ ಕಾಣದಂತೆ ಇರುತ್ತಿದ್ದರು. ಅದು ನನ್ನಂಥ ಒಕ್ಕಲಿಗರ ಹುಡುಗಿಯನ್ನು ಕುರಿತು ಬರೆದದ್ದು ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಈಗ ನನ್ನ ಪಕ್ಕದಲ್ಲಿ ಮೊಣಕಾಲಿಗಿಂತ ಒಂದಿಷ್ಟು ಕೆಳಗೆ ಬರುವಂತೆ ಸೀರೆ ಉಟ್ಟು, ಮುಖದ ತುಂಬ ಇದ್ದಿಲು ಮಸಿ ಹತ್ತಿಸಿಕೊಂಡ ಅತ್ತೆ ನಿಂತಿದ್ದರು. ಕಂಡೂ ಕಾಣದಂತೆ ಇರುವುದು ಈಗ ಯಾರಿಂದಲೂ ಆಗಲಿಲ್ಲ.

"ಏನಂತ ಬರ್ದವ್ರೆ, ಓದವ್ವ" ಎಂದರು ಅತ್ತೆ.

ನಾನು ಓದಿದೆ. ಸಿಟ್ಟಿನಿಂದ, ಒಂದೊಂದು ಅಕ್ಷರವನ್ನೂ ಬಿಡಿಸಿ ಓದಿದೆ.

"ಓದುದ್ಯಲ್ಲ. ಈಗ ಕೂತ್ಕೊ" ಎಂದು ಅತ್ತೆ ಕುರ್ಚಿ ಎಳೆದು ತಾವೂ ಕೂತರು.

ನನ್ನ ಗಂಡ ಬಾಗಿಲ ಹತ್ತಿರವೇ ನಿಂತಿದ್ದರು. ಜಗಳ ಕಂಡರೆ ಆಗದ ಮನುಷ್ಯ. "ಅವ್ವ, ಬಾ, ಬ್ಯಾರೆ ಕಡೆ ಓಗಾನ" ಎಂದರು.

"ಲೇ, ನಾನು ಬಂದಿರದು ಈ ಮೇಜ ನೋಡಕೆ. ಬ್ಯಾರೆ ಕಡೆ ಈ ಮೇಜ್ ಇದ್ದದೇನ್ಲಾ?"

ಗಲ್ಲಾದವರು ದನಿ ಏರಿಸಿದರು. ಪೊಲೀಸಿನವರನ್ನು ಕರೆಸುತ್ತೇನೆ ಎಂದರು. ಪಕ್ಕದ ಮೇಜಿನ ಇಬ್ಬರು ಎಲೆಯಲ್ಲಿ ಉಪ್ಪಿಟ್ಟು ಬಿಟ್ಟು ಎದ್ದು ಹೋದರು. ಅತ್ತೆ ಏನೂ ಆಗಿಲ್ಲ ಎಂಬಂತೆ ಊರಿಂದ ತಂದಿದ್ದ ಬುತ್ತಿಯ ಗಂಟು ಬಿಚ್ಚಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದು ಮೇಜಿನ ಮೇಲೆ ಹರಡಿದರು. ಮಗಳಿಗೆ ಒಂದು ಮುರಿದು ಕೊಟ್ಟರು. ನನ್ನ ಕೈಗೂ ಕೊಟ್ಟರು.

ನಾನು ತಿಂದೆ. ಅಗಿದು ಅಗಿದು ನುಂಗಿದೆ. ಗಲ್ಲಾದವರ ಮುಖವನ್ನೇ ನೋಡುತ್ತಾ ತಿಂದೆ. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ನನ್ನ ಗಂಡ ಬಂದರು. ತಲೆಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ನನ್ನ ಎದುರಿಗೆ ಕೂತು ರೊಟ್ಟಿಗೆ ಕೈ ಚಾಚಿದರು. ಮದುವೆಯಾದ ಮೇಲೆ ಅವರ ಬಗ್ಗೆ ನನಗೆ ಅಷ್ಟು ಪ್ರೀತಿ ಹುಟ್ಟಿದ್ದು ಅದೇ ಮೊದಲು.

ಪೊಲೀಸಿನವರು ಬರಲಿಲ್ಲ. ಕಾಫಿ ಕೇಳಿದೆವು, ಅದೂ ಬರಲಿಲ್ಲ. ರೊಟ್ಟಿ ಮುಗಿದ ಮೇಲೆ ಅತ್ತೆ ಸೆರಗಿನ ತುದಿಯಿಂದ ಮೇಜನ್ನು ಚೆನ್ನಾಗಿ ಒರೆಸಿದರು. "ನಿನ್ ಮೇಜು ನೀನೇ ಮಡಿಕ್ಕಪ್ಪ. ನಾವೇನ್ ಒತ್ಕಂಡೋಗಕಿಲ್ಲ" ಎಂದು ಎದ್ದರು.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತಾಗ ನನಗೆ ಸಿಟ್ಟು ಉಕ್ಕಿ ಬಂತು. ಗಲ್ಲಾದವರ ಮೇಲಲ್ಲ, ಆ ಗೆಳತಿಯ ಮೇಲೆ. "ಅವಳ ಕೈ ಹಿಡಿದಿದ್ದಕ್ಕೆ ನನಗೆ ಅಲ್ಲಿ ಜಾಗ ಸಿಕ್ತಿತ್ತು, ಅಷ್ಟೇ. ಒಂದು ಸಲವಾದರೂ ಬಾಯಿ ಬಿಟ್ಟು ಹೇಳ್ಲಿಲ್ಲ ಅವಳು. ಇಷ್ಟು ವರ್ಷ ಆ ಮೇಜು ನಂದು ಅಂದ್ಕೊಂಡಿದ್ದೆನಲ್ಲ ಅತ್ತೆ."

ಅತ್ತೆ ನೀರಿನಲ್ಲಿ ಕಾಲು ಇಳಿಬಿಟ್ಟು ಮುಖದ ಮಸಿ ತೊಳೆಯುತ್ತಿದ್ದರು. "ಆಗ ಅವ್ಳೂ ಮಗ, ನೀನೂ ಮಗ. ಅರ್ಧ ದ್ವಾಸೆ ಕೊಟ್ಳಲ್ಲ, ಆ ಕೂಸ್ಮೇಲ್ ಯಾಕವ್ವ ಸಿಟ್ಟು? ಬೋರ್ಡ್ ಬರ್ಸಿದ್ದು ಅವ್ಳೇನ್ ಅಲ್ವಲ್ಲ" ಎಂದರು.

ಆ ಮಾತು ಸರಿ ಎನ್ನಿಸಿತು. ಗೆಳತಿಯ ಜೊತೆ ನಕ್ಕ ನಗು, ಹಂಚಿಕೊಂಡ ದೋಸೆ, ಅದನ್ನೆಲ್ಲ ಈಗ ಬಿಟ್ಟುಕೊಟ್ಟರೆ ಗೆಲ್ಲುವುದು ಆ ಬೋರ್ಡು ಬರೆಸಿದವರು. ನಾನು ಅಲ್ಲಿ ಸಂತೋಷವಾಗಿದ್ದದ್ದು ನಿಜ. ಅದು ನನ್ನದು. ಅದನ್ನು ಯಾರಿಗೂ ವಾಪಸ್ಸು ಕೊಡುವುದಿಲ್ಲ ಎಂದುಕೊಂಡೆ.

ಊರಿಗೆ ಬಂದ ಮೇಲೆ ಸುದ್ದಿ ಕೇಳಿ ಮಾವ ಕೂಗಾಡಿದರು. ಮೈಸೂರಿಗೆ ಹೋಗಿ ಮಾನ ಕಳೆದುಕೊಂಡು ಬಂದಿರಿ ಎಂದರು. "ನಿಮ್ ಮಾನ ಅಷ್ಟು ಬೇಗ ಕಳದೋದ್ರೆ ನಾನೇನ್ ಮಾಡಾನ?" ಎಂದು ಅತ್ತೆ ಒಲೆ ಹೊತ್ತಿಸಿದರು. ಅದೇ ಬಿಸಿಯಲ್ಲಿ ನಾನು, ಮಗಳನ್ನು ಮೈಸೂರಿನಲ್ಲಿಟ್ಟು ಓದಿಸುತ್ತೇನೆ, ಕೊನೆಯ ಪರೀಕ್ಷೆ ಮುಗಿಯುವವರೆಗೂ ಅವಳ ಮದುವೆಯ ಮಾತು ಈ ಮನೆಯಲ್ಲಿ ಎತ್ತಬಾರದು ಎಂದು ಎಲ್ಲರ ಎದುರಿಗೂ ಹೇಳಿದೆ. ಮಾವ ನನ್ನ ಗಂಡನ ಮುಖ ನೋಡಿದರು. "ಅವ್ಳು ಏಳ್ದಂಗೇ ಆಗ್ಲಿ ಬುಡಪ್ಪ" ಎಂದರು ಇವರು.

ಆ ಸುಗ್ಗಿ ಮುಗಿದ ಮೇಲೆ ಮತ್ತೆ ಹೋದೆವು. ಬೋರ್ಡು ಅಲ್ಲೇ ಇತ್ತು. ನಾವು ಹೋಗಿ ಕೂತೆವು. ಸ್ವಾತಂತ್ರ್ಯ ಬಂದ ವರ್ಷ ಮತ್ತೊಂದು ಸಲ ಹೋದಾಗ ಅತ್ತೆ ನಮ್ಮ ಬೀದಿಯ ಇನ್ನಿಬ್ಬರು ಹೆಂಗಸರನ್ನೂ ಹೊರಡಿಸಿಕೊಂಡು ಬಂದಿದ್ದರು. ಆ ದಿನ ಗಲ್ಲಾದವರು ನಮ್ಮನ್ನು ನೋಡಿ ಮುಖ ತಿರುಗಿಸಿಕೊಂಡರು, ಎದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಾಣಿ ಒಬ್ಬ ಕಾಫಿ ತಂದು ಮೇಜಿನ ಮೇಲೆ ಕುಕ್ಕಿ ಹೋದ.

ಅತ್ತೆ ಲೋಟ ಮುಟ್ಟಿ ನೋಡಿದರು. ತಣ್ಣಗಿತ್ತು.

"ಏಯ್, ಬಾಪ್ಪ ಇಲ್ಲಿ" ಎಂದು ಇಡೀ ಹಜಾರಕ್ಕೆ ಕೇಳುವಂತೆ ಕರೆದರು. "ಬಿಸಿ ಮಾಡ್ಕಂಡ್ ಬಾ."