ಕೇಳಿ ಕತ್ತರಿಸುತ್ತಿದ್ದ ಚಿಗವ್ವ

ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆಯುವ ಮುನ್ನ ಚಿಗವ್ವ ಮಗ್ಗದ ಮರ ಮುಟ್ಟಿ, "ಕತ್ತರಸ್ಲೇನವ್ವಾ?" ಎಂದು ಕೇಳುತ್ತಿದ್ದಳು. ಕೇಳಿ ಒಂದು ಗಳಿಗೆ ಕಾಯುತ್ತಲೂ ಇದ್ದಳು. ಬನಹಟ್ಟಿಯ ನಮ್ಮ ಓಣಿಗೆಲ್ಲ ಅದೊಂದು ತಮಾಷೆ. "ಮಗ್ಗ ಬ್ಯಾಡ ಅಂದ್ರ ಏನ್ ಮಾಡ್ತಿ?" ಎಂದು ನಾನು ಕೆಣಕಿದರೆ, "ಅದೇನ್ ಬ್ಯಾಡ ಅನ್ನೂದಿಲ್ಲ ತಗಿ. ಆದ್ರ ಕೇಳಬೇಕಲ್ಲೇನು?" ಎನ್ನುತ್ತಿದ್ದಳು.

ಅವಳು ನನ್ನ ಅವ್ವನ ತಂಗಿ. ಬಾಯಿ ಜೋರು. ಓದು ಬಾರದು, ಓದಿಸಿಕೊಳ್ಳುವ ಹುಚ್ಚು ಮಾತ್ರ ವಿಪರೀತ. ಮಧ್ಯಾಹ್ನ ಅವಳು ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುವಾಗ ನಾನು ಓದಬೇಕು. ಬೇಸರವಾದರೆ, "ಇಂವಾ ಭಾಳ ಸುತ್ತಸ್ತಾನ, ಎರಡ ಹಾಳಿ ಹಾರಸು" ಎಂದು ಲೇಖಕನನ್ನೇ ದಬಾಯಿಸುತ್ತಿದ್ದಳು.

ಹೋದ ವರ್ಷ ಜಮಖಂಡಿಯಿಂದ ಒಂದು ಪುಸ್ತಕ ತಂದಿದ್ದೆ. ಸಂಶೋಧನೆಗೆಂದು ಸತ್ತ ರೋಗಿಗಳ ಅಂಗಾಂಗಗಳನ್ನು ಮನೆಯವರಿಗೆ ಹೇಳದೆ ಇಟ್ಟುಕೊಂಡ ಆಸ್ಪತ್ರೆಗಳ ಕುರಿತದ್ದು. ಓದುತ್ತ ಓದುತ್ತ ನನಗೆ ಮೈ ಉರಿಯುತ್ತಿತ್ತು. ಚಿಗವ್ವ ಒಮ್ಮೆಯೂ ಹಾಳೆ ಹಾರಿಸು ಎನ್ನಲಿಲ್ಲ. ರಾಟಿ ನಿಂತಿತ್ತು.

"ನಮ್ಮ ಶಾರದಾಂದೂ ಇಟ್ಕೊಂಡ್ರು" ಎಂದಳು.

ಶಾರದಾ ಅವಳ ಒಬ್ಬಳೇ ಮಗಳು. ಹುಟ್ಟಿನಿಂದಲೂ ಹೃದಯದ ಕಾಯಿಲೆ. ಮದುವೆಯ ವಯಸ್ಸಿಗೆ ಬಂದಾಗ ಶಹರದ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡಳು. ಇಷ್ಟು ನಮಗೆ ಗೊತ್ತಿತ್ತು. ಮನೆಗೆ ತಂದ ಮಗಳ ಮೈ ತೊಳೆಯುವಾಗ ಎದೆಯ ಮೇಲೆ ಹೊಲಿಗೆ ಕಂಡಿದ್ದನ್ನು ಚಿಗವ್ವ ಯಾರಿಗೂ ಹೇಳಿರಲಿಲ್ಲ. ಹೊಸ ಸೀರೆ ಸುತ್ತಿ ಹಾಗೆಯೇ ಮಣ್ಣಿಗೆ ಕಳಿಸಿದ್ದಳು. ಆಮೇಲೆ ಒಬ್ಬಳೇ ಆಸ್ಪತ್ರೆಗೆ ಹೋಗಿ ವಿಚಾರಿಸಿದಾಗ ನರ್ಸ್ ಒಬ್ಬಳು, "ಗುಂಡಿಗಿ ಇಟ್ಕೊಂಡಾರವ್ವ, ಈ ಬ್ಯಾನಿ ಯಾಕ ಬರತೈತಿ ನೋಡಾಕ" ಎಂದಳಂತೆ.

ನಾನು ಕೋರ್ಟು, ಕೇಸು ಎಂದು ಕೂಗಾಡಿದೆ. ಅವಳು ನೂಲಿನ ಎಳೆ ಹಿಡಿದುಕೊಂಡೇ ಅಳುತ್ತಿದ್ದಳು. "ಕೇಳಿದ್ರ ಕೊಡತಿದ್ನೆವ್ವಾ. ಮತ್ತೊಬ್ರ ಮಗಳರ ಉಳೀಲಿ ಅಂತ ಕೊಡತಿದ್ನಿ. ಯಾಕ ಕೇಳಲಿಲ್ಲ ಅವ್ರು?"

ಲೇಖಕ ಕಾನೂನು, ಸಮಿತಿ, ಒಪ್ಪಿಗೆ ಎಂದು ಪುಟಗಟ್ಟಲೆ ಬರೆದಿದ್ದ. ಅವಳ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಪುಸ್ತಕ ಮಡಚಿಟ್ಟೆ.

ಸ್ವಲ್ಪ ದಿನಕ್ಕೆ ನನ್ನನ್ನು ಕರೆದುಕೊಂಡು ಅದೇ ಆಸ್ಪತ್ರೆಗೆ ಹೋಗಿ, ಸತ್ತ ಮೇಲೆ ತನ್ನ ದೇಹ ನಿಮಗೇ ಎಂದು ಹೇಳಿ ಬಂದಳು. ಬಳಗದವರು ಸಿಟ್ಟಾದರು. "ಮಣ್ಣ ಬ್ಯಾಡೇನ ನಿನಗ?" ಎಂದರು. ಕಾರಣವನ್ನು ಅವಳು ನನಗೊಬ್ಬಳಿಗೇ ಹೇಳಿದಳು: "ಅಕೀ ಗುಂಡಿಗಿ ಅಲ್ಲೇ ಎಲ್ಲೋ ಬಾಟಲ್ಯಾಗ ಐತಿ. ಅದೊಂದ ಯಾಕ ಇರಬೇಕ ಅಲ್ಲಿ?"

ಈ ಶ್ರಾವಣದಲ್ಲಿ ಚಿಗವ್ವ ಹೋದಳು. ಆಸ್ಪತ್ರೆಯ ಗಾಡಿ ಬಂತು. ಜೊತೆಗೆ ಬಂದಿದ್ದ ಎಳೆಯ ಡಾಕ್ಟರು ಸಹಿ ಮಾಡಿಸಿಕೊಂಡು ಎತ್ತಲು ಕೈಸನ್ನೆ ಮಾಡಿದ.

"ತಡೀರಿ," ಎಂದೆ. "ಒಮ್ಮಿ ಅಕಿನ್ನ ಕೇಳ್ರಿ."

ಅವನಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಬಂದು ಅವಳ ಕಾಲ ಬಳಿ ಬಗ್ಗಿ, "ಅವ್ವಾರ, ಕರಕೊಂಡ ಹೋಗ್ಲೇನ್ರಿ?" ಎಂದು ಕೇಳಿದ.

ನಾವೆಲ್ಲ ಒಂದು ಗಳಿಗೆ ಕಾದೆವು.