ತಲೆಕಟ್ಟು ಹಾರಿಸುತ್ತಿದ್ದ ಗೆರೆಯಕ್ಕ

ಆ ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರಿಗೂ ಅವಳು ಗೆರೆಯಕ್ಕ. ಸಂಬಳದ ಕೆಲಸ ಕರಡು ತಿದ್ದುವುದು. ಆದರೆ ಇಪ್ಪತ್ತೆರಡು ವರ್ಷಗಳಿಂದ ಕೊನೆಯ ಪುಟದ ನಗೆಚಿತ್ರವೂ ಅವಳದೇ. ಒಬ್ಬ ಗಂಡ, ಒಬ್ಬಳು ಹೆಂಡತಿ, ನಾಲ್ಕು ಚೌಕ. ಅವರ ಮಾತುಗಳನ್ನು ಅಚ್ಚಿನ ಅಕ್ಷರದಲ್ಲಿ ಹಾಕಲು ಅವಳು ಬಿಡುತ್ತಿರಲಿಲ್ಲ, ಕೈಯಾರೆ ಬರೆಯುತ್ತಿದ್ದಳು. ಗಂಡ ಬೆಚ್ಚಿಬಿದ್ದರೆ ಅವನ ಮಾತಿನ ತಲೆಕಟ್ಟುಗಳೆಲ್ಲ ಟೋಪಿಯಂತೆ ಹಾರಿಹೋಗುತ್ತಿದ್ದವು. ಹೆಂಡತಿ ರೇಗಿದರೆ ಅಕ್ಷರದ ಕೊಂಬು ನಿಜವಾದ ಕೊಂಬಾಗಿ ಗಂಡನ ಬೆನ್ನಿಗೆ ತಿವಿಯುತ್ತಿತ್ತು. ಪತ್ರಿಕೆಯನ್ನು ಹಿಂದಿನಿಂದ ತೆರೆಯುವ ಓದುಗರೇ ಹೆಚ್ಚು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವಳ ಕೈ ನಡುಗುವುದನ್ನು ಮೊದಲು ಕಂಡದ್ದು ಅವನು.

"ಏನೇ ಇದು, ಲೋಟ ತಾಳ ಹಾಕ್ತಿದೆ?"

"ನಿಮ್ಮನ್ನ ನೋಡಿ ಹೆದರ್ಕೊಂಡಿದೆ" ಎಂದಳು. ಇಬ್ಬರೂ ನಕ್ಕರು.

ಆ ವಾರ ಗೆರೆ ಮಾತು ಕೇಳಲಿಲ್ಲ. ನಾಲ್ಕು ಹಾಳೆ ಹರಿದೆಸೆದಳು. ಅಚ್ಚಿಗೆ ಹೊತ್ತಾಯಿತೆಂದು ಸಂಪಾದಕರು ಐದನೆಯದನ್ನು ಮೇಜಿನಿಂದಲೇ ಎತ್ತಿಕೊಂಡು ಹೋದರು. ಸೊಟ್ಟ ಮೂಗು, ಅಲೆ ಅಲೆಯಾದ ಅಕ್ಷರ. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಓದುಗರ ಪತ್ರಗಳು ಬಂದವು, ಎಂದಿಗಿಂತ ಹೆಚ್ಚು. "ಹೊಸ ಶೈಲಿ ಸೊಗಸು. ಅಕ್ಷರಗಳೇ ಹೊಟ್ಟೆ ಹಿಡಿದು ನಗುತ್ತಿವೆ" ಎಂದು ಒಬ್ಬರು ಬರೆದಿದ್ದರು. ಸಂಪಾದಕರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಗೆರೆಯಕ್ಕ ತಾನೂ ನಕ್ಕಳು.

ಅದು ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಸದ್ಯಕ್ಕೆ ಮಾತ್ರೆ ಹತೋಟಿಯಲ್ಲಿಡುತ್ತದೆ ಎಂದರು ಡಾಕ್ಟರು. ಮಾತ್ರೆಗೆ ಕೈ ನೆಟ್ಟಗಾಯಿತು, ಚಿತ್ರವೂ ನೆಟ್ಟಗಾಯಿತು. ಸಂಪಾದಕರು ತಲೆ ಕೆರೆದುಕೊಂಡರು. "ಯಾಕಕ್ಕಾ, ಮತ್ತೆ ಹಳೇದಕ್ಕೇ ಹೋದ್ರಿ? ಇದು ಸಪ್ಪೆ ಅನ್ಸುತ್ತೆ."

ಮುಂದೆ ಅವಳು ಚಿತ್ರ ಬರೆಯುವ ಬುಧವಾರಗಳಂದು ಮಾತ್ರೆ ನುಂಗುವುದನ್ನು ಬಿಟ್ಟಳು.

ಎರಡು ತಿಂಗಳು ಯಾರಿಗೂ ತಿಳಿಯಲಿಲ್ಲ. ಒಂದು ಬುಧವಾರ ಬೆಳಿಗ್ಗೆ ರವಿಕೆಯ ಗುಂಡಿ ಹಾಕಲಾರದೆ ಕನ್ನಡಿಯ ಮುಂದೆ ನಿಂತುಬಿಟ್ಟಿದ್ದಳು. ತಾನೇ ಹೊಲಿದ ಗುಂಡಿಗಳನ್ನು ಗಂಡ ಒಂದೊಂದಾಗಿ ಹಾಕತೊಡಗಿದ.

"ಮಾತ್ರೆ ತಗೊಂಡ್ಯಾ?"

ಅವಳು ಕನ್ನಡಿಯಿಂದ ಮುಖ ತಿರುಗಿಸಿದಳು. ಅವನಿಗೆ ಅರ್ಥವಾಯಿತು. "ಯಾರೋ ನಗ್ಲಿ ಅಂತ ನೀನು ನಡುಗ್ತಾ ಕೂರ್ತೀಯೇನೇ?"

"ಅವ್ರಿಗೆ ಅದೇ ಇಷ್ಟ ಆಯ್ತಲ್ಲ ರೀ. ಇಪ್ಪತ್ತೆರಡು ವರ್ಷ ಕಲಿತ ನನಗಿಂತ ಈ ಕಾಯಿಲೇನೇ ಚೆನ್ನಾಗಿ ಬರೀತು."

ಉಳಿದಿದ್ದ ಒಂದು ಗುಂಡಿ ಹಾಕಲು ಅವನ ಕೈಗೂ ಹೊತ್ತು ಹಿಡಿಯಿತು.

ಆ ದಿನವೇ ಅವಳು ಸಂಪಾದಕರಿಗೆ ಎಲ್ಲವನ್ನೂ ಹೇಳಿದಳು. ಅವರ ಮುಖ ಪೆಚ್ಚಾಯಿತು.

"ನಂಗೆ ಗೊತ್ತೇ ಇರ್ಲಿಲ್ಲ ಅಕ್ಕಾ."

"ಗೊತ್ತಾಗ್ಬಾರ್ದು ಅಂತಾನೇ ನಾನೂ ನಗ್ತಿದ್ದೆ. ಇನ್ನೊಂದೇ ಒಂದು ಬರ್ಕೊಡ್ತೀನಿ, ನನ್ನ ಕೈಯಲ್ಲಿ. ಆಮೇಲೆ ಸಾಕು."

ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ಎರಡು ದಿನ ಕೂತು ಬರೆದಳು. ಚಿತ್ರದಲ್ಲಿ ಕನ್ನಡಕ ಕಾಣದೆ ಗಂಡ ಮನೆಯೆಲ್ಲ ಕೂಗಾಡುತ್ತಾನೆ. ಹಾರಿದ ತಲೆಕಟ್ಟುಗಳು ನೆಲದ ಮೇಲೆ ರಾಶಿ ಬೀಳುತ್ತವೆ. ಹೆಂಡತಿ ಆ ರಾಶಿ ಗುಡಿಸುತ್ತ, ಅದರೊಳಗಿಂದ ಕನ್ನಡಕವನ್ನು ಹೆಕ್ಕಿ ಕೊಡುತ್ತಾಳೆ. ಒಂದು ಗೆರೆಯೂ ಅಲುಗಿರಲಿಲ್ಲ.

ಅದು ಅಚ್ಚಾಯಿತು. ಒಂದು ಪತ್ರವೂ ಬರಲಿಲ್ಲ. ಮುಂದಿನ ವಾರದಿಂದ ಆ ಜಾಗ ಪದಬಂಧದ ಪಾಲಾಯಿತು. ಅದರ ಕರಡನ್ನೂ ಗೆರೆಯಕ್ಕನೇ ತಿದ್ದಿದಳು.

ದರ್ಜಿ ಆ ಕೊನೆಯ ಚಿತ್ರವನ್ನು ಕತ್ತರಿಸಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಮೂಲೆಯಲ್ಲಿ ಪರದೆಯ ಹಿಂದೆ ಅಂಟಿಸಿದ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದ, "ಇವತ್ತು ಒಬ್ರು ಒಳಗೆ ನಕ್ರು ಕಣೇ."

ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. "ಯಾವ ಚೌಕಕ್ಕೆ?"

"ಪರದೆ ಎಳ್ದಿತ್ತಲ್ಲೇ, ನಂಗೆ ಹೇಗೆ ಗೊತ್ತಾಗುತ್ತೆ?"

"ಕೇಳ್ಬೇಕಿತ್ತು ನೀವು" ಎಂದು ತಟ್ಟೆಯತ್ತ ಬಾಗಿದಳು. ಅವಳ ಕಣ್ಣು ತುಂಬಿತ್ತು.